ಹೋಲ್ಡಾನ್, ರೈಟ್

ಡಿಪೋದ ಗ್ರೀಸ್ ಡಬ್ಬದ ಹಿಂದೆ ಸಿಕ್ಕಿದ್ದು.
ಟಿಕೆಟ್ ಚೀಲದಲ್ಲಿ ಹಾಕಿಕೊಂಡು ಬಂದೆ,
ಅದಕ್ಕೇ ಹೆಸರು ಚಿಲ್ಲರೆ.
ಮನೆ ಮುಟ್ಟುವಷ್ಟರಲ್ಲಿ
ವೇಬಿಲ್ಲಿನ ನಕಲು, ಮಡಚಿಟ್ಟ ನೂರರ ನೋಟು
ಬೆಚ್ಚಗೆ ಒದ್ದೆಯಾಗಿದ್ದವು.

ನಾವಿರುವುದು ತಣ್ಣೀರುಹಳ್ಳ.
ಹೆಸರಲ್ಲಿದ್ದ ನೀರು ಮನೆಯೊಳಕ್ಕೂ ಬಂತು ಅಂತ
ಅತ್ತೆ ಪುಟ್ಟನಂಜಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡರು:
ಅಕ್ಕಿ ಡ್ರಮ್ಮಿನ ಬುಡ, ಮಂಚದ ಕಾಲು,
ಟಿವಿ ಮುಂದೆ ಅವರು ಕೂರುವ ಚಾಪೆ.
"ಮೂತಿ ಹಿಡ್ದು ಅದ್ರಲ್ಲೇ ತಿಕ್ಕು,
ಒಂದೇ ಸಲಕ್ಕೆ ಬುದ್ಧಿ ಬತ್ತದೆ."

ಮೂತಿ ತಿಕ್ಕಲಿಲ್ಲ, ನೆಲ ತಿಕ್ಕಿದೆ,
ವಿನೆಗರ್ ಹಾಕಿ, ವಾಸನೆ ಉಳಿಯದ ಹಾಗೆ.
ಪಶು ಆಸ್ಪತ್ರೆಯ ಕಾಂಪೌಂಡರ್ ಫಯಾಜ್ ಹೇಳಿದ್ದರು:
ಬೈಸಿಕೊಂಡ ನಾಯಿ ಉಚ್ಚೆ ಹೊಯ್ಯುವುದನ್ನು ಬಿಡುವುದಿಲ್ಲಮ್ಮ,
ನಿಮ್ಮೆದುರಿಗೆ ಹೊಯ್ಯುವುದನ್ನು ಬಿಡುತ್ತದೆ, ಅಷ್ಟೆ.
ಒಳಗೆ ಮಾಡಿತು ಅಂದರೆ
ನೀವು ಆಗ ಎಲ್ಲೋ ನೋಡುತ್ತಿದ್ದಿರಿ ಅಂತ ಲೆಕ್ಕ.

ಅವರು ಹೇಳದಿದ್ದರೂ ನನಗೆ ಗೊತ್ತಿತ್ತು.
ಹಾಸನ, ಬೇಲೂರು, ಚಿಕ್ಕಮಗಳೂರು,
ತಿರುಗಿ ಹಾಸನ, ಮತ್ತೆ ಅರಕಲಗೂಡು.
ನೀರು ಕುಡಿಯದೆ ಮನೆ ಬಿಡುತ್ತೇನೆ.
ಹಗರೆಯಲ್ಲಿ ಡ್ರೈವರ್ ಜವರಯ್ಯ ಇಳಿದು
ನೀಲಗಿರಿ ಮರದ ಹಿಂದೆ ಹೋಗಿ
ಬೀಡಿಯನ್ನೂ ಮುಗಿಸಿಕೊಂಡೇ ಹತ್ತುತ್ತಾನೆ.
ನಾನು ಮಂಡಿಗೆ ಮಂಡಿ ಒತ್ತಿ
ಎಣಿಸಿದ ಹತ್ತರ ನೋಟುಗಳನ್ನೇ ಎಣಿಸುತ್ತಿರುತ್ತೇನೆ.
ಹದಿನಾಲ್ಕು ವರ್ಷ.
ತಡೆದುಕೊಂಡಿದ್ದಕ್ಕೆ ಒಂದು ಭೇಷ್ ಕೇಳಿಲ್ಲ.
ಮೂರು ತಿಂಗಳ ಮರಿ, ಅಂಗೈಯಷ್ಟು ಹೊಟ್ಟೆ,
ಏನಂತ ಬೈಯಲಿ ಇದಕ್ಕೆ?

ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಸುಸ್ತಾದ ಕೂಡಲೇ
ಎತ್ತಿಕೊಂಡು ಸಂಪಿನ ಪಕ್ಕದ ಮಣ್ಣಿಗೆ.
ನಿಲ್ಲುತ್ತೇನೆ. ಅದು ಇರುವೆ ನೋಡುತ್ತದೆ.
ನನ್ನ ಚಪ್ಪಲಿಯ ಬಾರು ಕಚ್ಚುತ್ತದೆ.
ಸ್ಕೂಟರಿಗೆ ಅಡ್ಡ ಓಡಿದರೆ
"ಹೋಲ್ಡಾನ್!" ಅಂತ ಬಾಯಿಗೆ ಬಂದುಬಿಡುತ್ತದೆ,
ಸ್ಕೂಟರಿನವನೂ ನಿಲ್ಲುತ್ತಾನೆ.
ಆಮೇಲೆ ಹಿಂಗಾಲು ಕುಗ್ಗುತ್ತದೆ, ಕಣ್ಣು ಎಲ್ಲೋ ದೂರ,
ಮುಗಿದ ಆ ಗಳಿಗೆ,
ಮುಂಚೆಯೂ ಅಲ್ಲ, ಒಳಗೆ ಬಂದ ಮೇಲೂ ಅಲ್ಲ,
"ರೈಟ್!"
ಬೇಯಿಸಿದ ಕೋಳಿ ಈಲಿಯ ಒಂದು ಚೂರು,
ಹುಣಸೆಬೀಜದಷ್ಟು.

ನಾನು ಡ್ಯೂಟಿಗೆ ಹೋದಾಗ
ಅತ್ತೆ ಬೈಯುತ್ತಲೇ ಬಾಗಿಲು ತೆಗೆಯುತ್ತಿದ್ದರಂತೆ.
ಆದರೆ ಸ್ಟೀಲ್ ಡಬ್ಬಿಯ ಈಲಿ
ನನ್ನ ಲೆಕ್ಕಕ್ಕಿಂತ ಬೇಗ ಖಾಲಿಯಾಗತೊಡಗಿತು.
ಲೆಕ್ಕ ತಪ್ಪುವವಳಲ್ಲ ನಾನು.
ಕೇಳಲಿಲ್ಲ. ಇನ್ನೊಂದು ಕಾಲು ಕೆಜಿ ತಂದೆ.

ಇಪ್ಪತ್ತೆರಡನೆಯ ದಿನ ಅದೇ ಹೋಗಿ ಬಾಗಿಲು ಗೀರಿತು.

ಜಂಬದಲ್ಲಿ ರಜೆಯ ದಿನ
ಹೊಸ ಬಸ್ ಸ್ಟ್ಯಾಂಡಿಗೆ ತೋರಿಸಲು ಕರೆದೊಯ್ದೆ.
ಆಲೂರಿನ ಬಸ್ಸಿಗೊಬ್ಬ ರೈಟ್ ಅಂದ,
ಹೊಳೆನರಸೀಪುರಕ್ಕೊಬ್ಬ, ಗೊರೂರಿಗೊಬ್ಬ,
ರೈಟ್ ರೈಟ್ ಅಂತ ಬಾಗಿಲು ಬಡಿಯುತ್ತ ಇನ್ನೊಬ್ಬ.
ಪ್ರತಿ ರೈಟಿಗೂ ಚಿಲ್ಲರೆ ಕೂತು, ಕತ್ತೆತ್ತಿ ಕಾಯಿತು.
ಯಾರ ಕೈಯೂ ಜೇಬಿಗೆ ಹೋಗಲಿಲ್ಲ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯ ಹಾಗೆ
ಅದರ ಮುಖ.
ಹದಿನೇಳು ರೈಟಿಗೆ ಹದಿನೇಳು ಚೂರು
ನಾನೇ ತೀರಿಸಿದೆ. ಅಷ್ಟಕ್ಕೆ ಪೊಟ್ಟಣ ಮುಗಿಯಿತು,
ಎತ್ತಿಕೊಂಡು, ಕಿವಿ ಮುಚ್ಚಿ, ಓಡಿಬಂದೆ.
ಬೇರೆ ಪದ ಹುಡುಕಬೇಕಿತ್ತು.
ಇನ್ನೂ ಹುಡುಕಿಲ್ಲ.

ಮೊನ್ನೆ ಕೊನೇ ಟ್ರಿಪ್ಪು ತಡವಾಗಿ
ಚೀಲ ಎಸೆದು ನೇರ ಬಚ್ಚಲಿಗೆ ನುಗ್ಗಿದೆ.
ಹೊರಗೆ ಬಂದರೆ ಬಾಗಿಲಲ್ಲಿ ಇಬ್ಬರೂ ನಿಂತಿದ್ದಾರೆ.
ಅತ್ತೆ ನಗಲಿಲ್ಲ.
"ರೈಟ್" ಅಂದರು,
ಕೈಗೊಂದು ಬಿಸಿ ಕಡುಬು ಇಟ್ಟರು.

ಪದ ಕೇಳಿದ್ದೇ ತಡ
ಏನೂ ಮಾಡದಿದ್ದ ಚಿಲ್ಲರೆಯೂ ಬಂದು ಕೂತಿತು.
ಆರಲಿ ತಡಿ ಅಂದೆ.
ಊದಿ, ಮುರಿದು ಕೊಟ್ಟೆ.