ಇಪ್ಪತ್ತೇಳನೆಯ ಮಣಿ

ಗಂಗೋತ್ರಿಯ ಲ್ಯಾಬಿನಲ್ಲಿ ನನಗೆ ಕಲಿಸಿದ ಮೊದಲ ಪಾಠ
ನಿನ್ನ ಕೈಯನ್ನು ನೀನೇ ನಂಬಬೇಡ ಎಂಬುದು.
ಬೆವರಿನಲ್ಲಿದೆ, ಉಗುರ ಸಂದಿಯಲ್ಲಿದೆ, ಬಾಗಿಲ ಹಿಡಿಯಲ್ಲಿದೆ
ಆರ್‌ಎನ್‌ಎ ಕತ್ತರಿಸುವ ಕಿಣ್ವ.
ಕುದಿಸಿದರೂ ಸಾಯುವುದಿಲ್ಲ, ಬಿಚ್ಚಿಕೊಳ್ಳುತ್ತದೆ;
ಆರಿದ ಮೇಲೆ ಮತ್ತೆ ಮಡಿಸಿಕೊಂಡು
ಬಿಟ್ಟಲ್ಲಿಂದ ಶುರು.
ಕೈಗವಸಿನ ಮೇಲೆ ಕೈಗವಸು ತೊಟ್ಟು
ಎದುರುಮನೆಯ ಮಡಿ ಅಜ್ಜಿಯ ಹಾಗೆ
ಏನನ್ನೂ ಮುಟ್ಟದೆ ನಡೆದೆ, ಎರಡು ವರ್ಷ.

ನನ್ನ ಪಾಲಿಗೆ ಬಂದದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು.
ನೂರಾ ಹತ್ತು ಮಣಿಯ ಸರ, ಅಷ್ಟೇ.
ಹೊರಗಿನವರಿಗೆಂದು ಮಸೆದಿಟ್ಟ ಚೂರಿ
ಒಳಗೆ ತನ್ನನ್ನೇ ಕುಯ್ಯದಿರಲೆಂದು
ಒರೆಯನ್ನೂ ತಾನೇ ಹೊಲಿದುಕೊಂಡಿದೆ.
ಅಷ್ಟು ಮುಂದಾಲೋಚನೆ
ನಮ್ಮ ಮೊಹಲ್ಲಾದಲ್ಲಿ ಯಾರಿಗೂ ನಾನು ಕಂಡಿಲ್ಲ.

ಸರ ಸುತ್ತಿಕೊಂಡು ನಡುವೆ ಒಂದು ಗುಂಡಿ,
ಎಳೆ ಬಂದು ಕೂರುವಷ್ಟು.
ಅಲ್ಲಿ ಎಪ್ಪತ್ತಮೂರನೆಯದು ಒಂದು ಪ್ರೋಟಾನು ಕಿತ್ತುಕೊಳ್ಳುತ್ತದೆ,
ನೂರಾ ಎರಡನೆಯದು ಒಂದು ಕೊಡುತ್ತದೆ,
ಎಳೆ ಎರಡು.

ನೂರಾ ಎರಡನ್ನು ಬದಲಿಸಿದೆ. ಕತ್ತರಿಸಲಿಲ್ಲ.
ಗೊತ್ತಿದ್ದದ್ದೇ. ಅಲಗನ್ನೇ ಕಿತ್ತ ಮೇಲೆ ಇನ್ನೇನು.
ಇಪ್ಪತ್ತೇಳು ಬರೀ ಪಕ್ಕದಲ್ಲಿ ನಿಂತದ್ದು,
ಹೊಡೆತದಲ್ಲಿ ಅದರ ಕೈಯಿಲ್ಲ ಅಂದುಕೊಂಡಿದ್ದೆ.
ಜೆಲ್ಲಿನ ಮೇಲೆ ಉದ್ದದ ಪಟ್ಟಿ
ಬೆಳಗ್ಗೆ ಇದ್ದಲ್ಲೇ ಸಂಜೆಯೂ ಕೂತಿತ್ತು.

ಮಡಿಕೆ ಕೆಟ್ಟಿರಬೇಕು ಎಂದರು ಸರಸಿಜಾ ಮೇಡಂ.
ಬಿಸಿ ಮಾಡಿ ನೋಡಿದೆ.
ಬಿಚ್ಚಲು ಮೊದಲಿಗಿಂತ ಹೆಚ್ಚು ಬಿಸಿ ಬೇಕಾಯಿತು.
ಕೆಟ್ಟಿರಲಿಲ್ಲ. ಇನ್ನೂ ಗಟ್ಟಿಯಾಗಿತ್ತು.
ಗಟ್ಟಿಯಾಗಿ, ಚೆಂದವಾಗಿ,
ಏನೂ ಮಾಡದೆ.

ಶನಿವಾರ ಮಂಡಿ ಮೊಹಲ್ಲಾದಲ್ಲಿ
ಖುರ್ಷಿದ್ ಖಾಲಾಳ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲು ತುಳಿಯುತ್ತ
ಸಾಣೆಯ ಪುಟ್ಟಬುದ್ಧಿ ಕಿಡಿ ಹಾರಿಸುತ್ತಿದ್ದ.
ಕತ್ತರಿಯನ್ನು ಕಲ್ಲಿಗೆ ಕೊಡಲೇ ಇಲ್ಲ. ಕಿವಿಯ ಹತ್ತಿರ ಹಿಡಿದು
ಒಮ್ಮೆ ತೆರೆದ, ಒಮ್ಮೆ ಮುಚ್ಚಿದ.
‘ಅಲಗು ಸರ್ಯಾಗೈತೆ ಕಣವ್ವ.
ಯಾರೋ ಮೊಳೆ ಬಿಗಿ ಮಾಡವ್ರೆ.
ಬಿಗಿಯಾದ್ರೆ ಕುಯ್ಯಕಿಲ್ಲ.
ಒಂದ್ನೊಂದು ಒಸಿ ಕಚ್ಚಾಡ್ಬೇಕು.’
ಸುತ್ತಿಗೆಯಿಂದ ಎರಡೇ ಏಟು.
ಖಾಲಾಳ ಹಸಿರು ಸ್ಯಾಟಿನ್ ಚೂರು
ಸದ್ದಿಲ್ಲದೆ ಎರಡಾಗಿ ನೆಲಕ್ಕೆ ಬಿತ್ತು.
ಕಾಸು ಕೊಡಲು ಹೋದರೆ ಸಾಣೆಯೇ ಹಿಡಿಯಲಿಲ್ಲವಲ್ಲ ಅಂದ.

ಸೋಮವಾರ ಬಸ್ಸಿನಲ್ಲಿ ಮೂವರ ಸೀಟಿಗೆ ಐವರು.
ಮೊಣಕೈ, ಟಿಫಿನ್ ಡಬ್ಬಿ, ಯಾರದೋ ಕೊಡೆ.
ಆ ಗುಂಡಿಯೂ ಹೀಗೇ ಇರಬೇಕು:
ಧನ ವಿದ್ಯುತ್ತಿನ ನಾಲ್ಕಾರು ಮಣಿಗಳು
ಒಂದನ್ನೊಂದು ತಳ್ಳುತ್ತ, ಸೈರಿಸುತ್ತ,
ಋಣದ ಎಳೆಯೊಂದು ಬಂದು ನಡುವೆ ಕೂತೀತೆಂದು
ಇರುಸುಮುರುಸಿನಲ್ಲೇ ಕಾಯುತ್ತ.
ನಾನು ಒಬ್ಬನನ್ನು ಇಳಿಸಿಬಿಟ್ಟೆ.
ಉಳಿದವರು ಕಾಲು ಚಾಚಿಕೊಂಡರು.

ಕುಕ್ಕರಹಳ್ಳಿ ಕೆರೆ ದಾಟುವಾಗ ಐವರಲ್ಲಿ ಇಬ್ಬರು ಇಳಿದರು.
ನನಗೂ ಹಾಯೆನಿಸಿತು, ಸುಳ್ಳೇಕೆ,
ನಿದ್ದೆ ಹತ್ತಿ ನನ್ನ ಸ್ಟಾಪೇ ತಪ್ಪಿತು.

ನೋಟ್‌ಬುಕ್ಕಿನಲ್ಲಿ ಇಪ್ಪತ್ತೇಳರ ಎದುರು
ಬಿಸಿಯ ಅಂಕಿ ಬರೆದೆ, ವೇಗದ ಅಂಕಿ ಬರೆದೆ,
‘ಕಾರಣ’ದ ಖಾನೆಯಲ್ಲಿ ‘ಒಸಿ’ ಅಂತ ಬರೆದೆ.
ಮೇಡಂ ಅದಕ್ಕೆ ಕೆಂಪು ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ:
ಇದರ ಯೂನಿಟ್ ಏನು?