ರೋಗಿಗೆ ಏನಾಗಬೇಕು?

ಗೋಪಿ ಸರ್ಕಲ್ಲಿನಲ್ಲಿ ಆಟೋ ತಾಗಿ ಬಿದ್ದೆ, ಬಲ ಮಣಿಕಟ್ಟು ಮುರಿಯಿತು.
ರಜೆಗೆ ಸರ್ಕಾರಿ ಡಾಕ್ಟರ ಸರ್ಟಿಫಿಕೇಟೇ ಬೇಕಂತೆ.
ಹಾಗಾಗಿ ಮೆಗ್ಗಾನ್, ಹಾಗಾಗಿ ಆ ಕ್ಯೂ,
ಫಿನಾಯಿಲು, ಬೆವರು, ಯಾರದೋ ಬುತ್ತಿಯ ಉಪ್ಪಿನಕಾಯಿ.
ನೋಂದಣಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ
'ಇಲ್ಲಿ ಸಹಿ, ಇಲ್ಲೂ ಸಹಿ' ಎಂದು ಬೆರಳು ತೋರಿಸಿದವಳು
ಚೀಟಿ ಕೌಂಟರಿನೆದುರು
ನನ್ನ ಹೆಸರು ಬರೆಯಲಾಗದೆ ನಿಂತಿದ್ದೆ.

"ಕೊಡಿ ಇಲ್ಲಿ" ಅಂದಿತು ಒಂದು ದನಿ.
ಕಂಬದ ಪಕ್ಕ ಮರದ ಸ್ಟೂಲು, ತೊಡೆಯ ಮೇಲೆ ರಟ್ಟು.
ಕಿವಿಸಂದಿನಿಂದ ಪೆನ್ನು ಇಳಿಯಿತು
ಎಡಗೈಗೆ.

ಅಷ್ಟು ಸಾಕಾಯಿತು. ಅಕ್ಷರದ ಮೇಲೆ
ಕಾವು ಕೂತ ಕೋಳಿಯ ಹಾಗೆ ಬಾಗುವ ಆ ಅಂಗೈ.
"ಗುತ್ಯಪ್ಪ?"
ತಲೆ ಎತ್ತಲಿಲ್ಲ. "ವಯಸ್ಸು?" ಎಂದ.
"ನಿನಗೆಷ್ಟೋ ಅಷ್ಟೇ."
ಆಗ ಎತ್ತಿದ.

ಆನವಟ್ಟಿ ಶಾಲೆ, ಐದನೇ ಕ್ಲಾಸು, ನಾನು ಲೀಡರು.
ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ
ದುಂಡಗೆ ಬರೆಯುವ ಲೀಡರು.
ಮಾತೇ ಆಡದ ಇವನ ಹೆಸರನ್ನೂ ಒಂದು ದಿನ ಬರೆದೆ:
ಸಾರ್, ಇವ್ನು ಎಡಗೈಲಿ ಬರೀತಾನೆ.
ಈರೇಶಪ್ಪ ಮೇಷ್ಟ್ರ ಹುಣಸೆ ಬರಲು
ಗೆಣ್ಣಿನ ಮೇಲೆ ಎಷ್ಟು ಸಲ ಬಿತ್ತೆಂದು ಎಣಿಸಿದ್ದೆ. ಲೆಕ್ಕ ಈಗ ಮರೆತಿದೆ.
ಆಮೇಲೆ ಬಲಗೈಯಲ್ಲೇ ಬರೆದ, ನೀರು ಹೊಯ್ದ ಇರುವೆ ಸಾಲಿನಂತೆ.
ಏಳಕ್ಕೆ ಫೇಲು.
ಅಲ್ಲಿಂದಾಚೆ ಅವನ ಸುದ್ದಿ ನನಗೇಕೆ?

"ಇಲ್ಲೇನು ಕೆಲ್ಸ ನಿಂಗೆ?"
"ಕೆಲ್ಸ ರಾತ್ರಿ. ಬಸ್‌ಸ್ಟ್ಯಾಂಡ್ ಲಗೇಜ್ ರೂಮಲ್ಲಿ.
ಬೆಳಕು ಹರಿದ್ರೆ ಇಲ್ಲಿ.
ಅವ್ವನ್ನ ಕರ್ಕೊಂಡ್ ಬಂದಿದ್ದೆ. ಯಾವ ಕಿಟಕಿಗೆ ಹೋಗ್ಬೇಕು
ಅಂತ ತಿಳೀದೆ ಮೂರು ತಾಸು ತಿರುಗಿದ್ದೆ."
ಅವ್ವನಿಗೆ ಏನಾಯಿತೆಂದು ಅವನು ಹೇಳಲಿಲ್ಲ.
ಹನ್ನೊಂದು ವರ್ಷ ಆಯ್ತು ಎಂದವಳು ಕಸ ಗುಡಿಸುವ ಹೆಂಗಸು,
ನನ್ನ ಕಾಲು ಸರಿಸುತ್ತ.

ಸ್ಟೂಲಿನಡಿ ಚೀಲ: ಎರಡು ಲುಂಗಿ, ಬನ್ನು, ಬಾಚಣಿಗೆ,
ಒಂದು ಬೈಂಡಿನ ಪುಸ್ತಕ.
ಡಾಕ್ಟರು ಕರೆಯುವ ತನಕ ತಿರುವಿದೆ.
ಜೊತೆಗೆ ಯಾರೂ ಇಲ್ಲದೆ ಬಂದವರ ಪಟ್ಟಿ.
ಕೊನೆಯ ಕಾಲಂ: ನೋಡಿಕೊಳ್ಳುವವರು ರೋಗಿಗೆ ಏನಾಗಬೇಕು?

ಸೋಮ್ಲಿಬಾಯಿ, ಶಿಕಾರಿಪುರದ ಕಡೆಯ ತಾಂಡಾ: ಮಗ.
ಫಕೀರಸಾಬ್, ಊರು ಹೇಳಲಿಲ್ಲ: ತಮ್ಮ.
ಸವಳಂಗ ರಸ್ತೆಯ ಕಟ್ಟಡದಿಂದ ಬಿದ್ದ ಹುಡುಗ, ಭಾಷೆ ತಿಳಿಯದು: ಅಣ್ಣ.
ಹೆರಿಗೆಗೆ ಒಬ್ಬಳೇ ಬಂದವಳು, ಹೆಸರು ಬೇಡ ಅಂದಳು: ಸೋದರಮಾವ.
ಪುಟ ತಿರುವಿದರೆ ಮಗ. ಮತ್ತೊಂದು ತಿರುವಿದರೆ ಮಗ.
ಕೆಲವರ ಮುಂದೆ ಚಿಕ್ಕದೊಂದು ಅಡ್ಡಗೆರೆ, ಕೆಳಗೆ ತಾರೀಖು,
ತುಂಗೆಯ ದಡದ ಸೌದೆಯ ರಸೀದಿ ಗುಂಡುಸೂಜಿಯಲ್ಲಿ.

ನನ್ನ ಕಚೇರಿಯಲ್ಲಿ ಸಂಬಂಧಕ್ಕೆ ವಂಶಾವಳಿ ಬೇಕು,
ಇಬ್ಬರು ಸಾಕ್ಷಿ, ಛಾಪಾ ಕಾಗದ.
ಬರುವವರಲ್ಲಿ ಬಿಡಿಸಿಕೊಳ್ಳುವವರೇ ಹೆಚ್ಚು.
"ಇಷ್ಟೊಂದು ಸುಳ್ಳು ಬರ್ದಿದೀಯಲ್ಲೋ" ಎಂದೆ, ನಗಲು ನೋಡಿ.
"ಬರೀದಿದ್ರೆ ವಾರ್ಡಿಗೆ ಬಿಡಲ್ಲ ಮಾರಾಯ್ತಿ."

ಪ್ಲಾಸ್ಟರು ಒಣಗುವಷ್ಟು ಹೊತ್ತು
ಹುಣಸೆ ಬರಲಿನ ಮಾತು ನಾಲಿಗೆಗೆ ಬಂತು, ಹೋಯಿತು, ಬಂತು.
ಅಷ್ಟರಲ್ಲಿ ಹೊಸನಗರದ ಬಸ್ಸಿಳಿದ ಮುದುಕನೊಬ್ಬ
ಎಕ್ಸ್‌ರೇ ಎಲ್ಲಿ ಎಂದು ಗೋಡೆಯನ್ನು ಕೇಳುತ್ತಿದ್ದ.
ಗುತ್ಯಪ್ಪ ಎದ್ದು, ಸ್ಟೂಲು ನನ್ನತ್ತ ತಳ್ಳಿದ.
"ಕೂತಿರು. ಯಾರಾದ್ರೂ ಬಂದ್ರೆ ಹೆಸ್ರು ಬರ್ಕೊ."
"ಬರೆಯಕ್ಕೆ ಆಗಲ್ವಲ್ಲೋ ನಂಗೆ!"
"ಇನ್ನೊಂದು ಕೈ ಐತಲ್ಲ."

ಚುಚ್ಚಿದನೋ, ಸುಮ್ಮನೆ ಅಂದನೋ, ಇವತ್ತಿಗೂ ಗೊತ್ತಿಲ್ಲ.
ಮುದುಕನ ಹೆಗಲು ಹಿಡಿದು ತಿರುವಿನಲ್ಲಿ ಮರೆಯಾದ.
ನನ್ನ ಚೀಟಿ ನೋಡಿದೆ. ಅವನ ಅಕ್ಷರ, ಹಿಂದಕ್ಕೆ ವಾಲಿದ್ದು,
ಒಂದೂ ತಪ್ಪಿಲ್ಲ.
ಏನಾಗಬೇಕು ಎಂಬಲ್ಲಿ ಖಾಲಿ ಬಿಟ್ಟಿದ್ದ.

ಕಂಕುಳಲ್ಲಿ ಮಗು ಇಟ್ಟುಕೊಂಡು ಒಬ್ಬಳು ಬಂದಳು.
ಹೆಸರೇನಮ್ಮ ಎಂದೆ.
"ನಾಗಿ."
ಎಡಗೈಗೆ ಪೆನ್ನು ತೆಗೆದುಕೊಂಡೆ, ಗೆರೆ ಎಳೆದೆ,
ಅದು ಎತ್ತಲೋ ಹೋಯಿತು.
ಆಕೆ ಕಾದಳು.