ಬರೆ

ಮಾದಾಪುರದಿಂದ ಏಳು ಹತ್ತರ ಬಸ್ಸು.
ಕಾಲೇಜು ಕುಶಾಲನಗರದಲ್ಲಿ.
ಭೂವಿಜ್ಞಾನಕ್ಕೆ ಸೇರಿದವರು ಹನ್ನೊಂದು ಜನ,
ಹುಡುಗಿಯರೆಂದರೆ ನಾನು, ಫರ್ಸಾನ.
‘ಕಲ್ಲು ಓದಿ ಏನ್ ಮಾಡ್ತೀಯ?’
ಕಂಡಕ್ಟರು ದಿನಾ ಕೇಳುತ್ತಾನೆ,
ಪಾಸು ಮಾತ್ರ ಒಂದು ದಿನವೂ ನೋಡುವುದಿಲ್ಲ.

ಸುಂಟಿಕೊಪ್ಪದ ತನಕ ಕಿಟಕಿಯ ತುಂಬ ಬರೆ.
ಬರೆ ಎಂದರೆ ನಮ್ಮಲ್ಲಿ ಮೂರು:
ಪೆನ್ನಿನಿಂದ ಬರೆಯುವುದು,
ಕಾದ ಸೌಟಿನಿಂದ ಎಳೆಯುವುದು,
ಜೂನ್ ಬಂದರೆ ರಸ್ತೆಗೆ ಬೀಳುವುದು.

ಹೊಸಮನಿ ಸರ್ ಇಳಕಲ್ ಕಡೆಯವರು.
ಪ್ಯಾಂಟಿನ ಜೇಬಿನಲ್ಲಿ ಊರಿನ ಕೆಂಪು ಕಲ್ಲಿನ ಚೂರು,
ಪಾಠ ಮರೆತಾಗ ಅದನ್ನು ತಿರುವುತ್ತಾರೆ.
‘ನಮ್ಮ ಕಡೆ ಕಲ್ಲು ಬಿಸಿಲಾಗ ಬರಿಮೈಲೇ ಕುಂತಿರ್ತಾವ.
ನಿಮ್ಮೂರಾಗ ನೋಡವ್ವಾ,
ಹತ್ತು ಮಾರು ಮಣ್ಣು ಹೊದ್ದು ಮಲಗ್ಯಾವ.
ಸುಮ್ಮಸುಮ್ಮನ ಎಬ್ಬಿಸಬ್ಯಾಡ್ರಿ.’
ಎಂದವರೇ ಸುತ್ತಿಗೆ ಹಂಚುತ್ತಾರೆ.

ಒಂದು ತುಣುಕು ನನ್ನ ಅಂಗೈಗೆ ಹಾಕಿದರು.
ಗೆರೆಗಳೆಲ್ಲ ಹಾಗೇ ಇದ್ದವು, ಅಭ್ರಕದ ಹೊಳಪೂ ಇತ್ತು.
ಒತ್ತಿದೆ. ಬೆರಳು ಒಳಗೆ ಹೋಯಿತು.
ತಾನಿನ್ನೂ ಕಲ್ಲೇ ಎಂದು
ನಂಬಿಕೊಂಡಿರುವ ಮಣ್ಣು ಅದು.

ಆ ಆಗಸ್ಟಿನಲ್ಲಿ ನಾನು ಏಳನೇ ಕ್ಲಾಸು.
ರಾತ್ರಿ ಬೆಟ್ಟ, ಲೋಡು ಲಾರಿ ಹಿಂದಕ್ಕೆ ಬಂದಂತೆ ಸದ್ದು ಮಾಡಿತ್ತು.
ಹನ್ನೆರಡು ದಿನ ಅಪ್ಪ ಜೆಸಿಬಿಯಿಂದ ಇಳಿಯಲಿಲ್ಲ.
ಬಕೆಟ್ಟಿನಲ್ಲಿ ಏನೇನು ಬಂತೆಂದು
ಅಮ್ಮನಿಗೂ ಹೇಳಿಲ್ಲ.
ನನ್ನ ಪುಸ್ತಕದಲ್ಲಿ ಆ ಅಧ್ಯಾಯ ಆರು ಪುಟ,
ಪರೀಕ್ಷೆಗೆ ಎಂಟು ಅಂಕ.

ಕಳೆದ ತಿಂಗಳು ಫೀಲ್ಡ್ ವರ್ಕು.
ಹೊಸ ಹೋಂಸ್ಟೇಗೆ ಕಡಿದ ಬರೆಯ ಮುಂದೆ ಸಾಲಾಗಿ ನಿಂತೆವು.
‘ಈ ಉದ್ದುದ್ದ ಗೆರಿ ಹ್ಯಾಂಗ ಬಂದಾವು?’
ನೀರಿಂದ, ಎಂದ ಬಿದ್ದಪ್ಪ.
ಬೇರಿಂದ, ಎಂದಳು ಫರ್ಸಾನ.
‘ಜೆಸಿಬಿ, ಸರ್.’
ಎಲ್ಲರೂ ನಕ್ಕರು. ಸರ್ ನಗಲಿಲ್ಲ.

ಎರಡು ಆಳದ ಗೆರೆ, ನಡುವೆ ಒಂದು ತೇಲಿದ್ದು,
ಮತ್ತೆ ಎರಡು ಆಳ.
ಮೂರನೇ ಹಲ್ಲು ಸವೆದ ಆ ಬಕೆಟ್ಟನ್ನು
ಭಾನುವಾರ ಭಾನುವಾರ ತೊಳೆಯುವವಳು ನಾನು.
ಕೋನ ಅಳೆದೆ: ಎಪ್ಪತ್ತೆರಡು ಡಿಗ್ರಿ.
ಆ ಮಣ್ಣು ನಿಲ್ಲುವುದು ಅದರ ಅರ್ಧಕ್ಕೆ.
ರೆಕಾರ್ಡ್ ಪುಸ್ತಕದಲ್ಲಿ ಅಂಕಿ ಬರೆದೆ,
ಯಾರ ಕೈ ಎಂದು ಬರೆಯಲು ಕಾಲಂ ಇರಲಿಲ್ಲ.
ಎರಡನೇ ವರ್ಷದ ಫೀಸು ಇದೇ ಬರೆಯಿಂದ ಬಂದದ್ದು.

ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ.
ಅಪ್ಪ ಮಜ್ಜಿಗೆ ಕಲಸಿಕೊಂಡ. ನಿಧಾನ.
‘ಕಡಿಯುವಾಗಲೇ ಹೇಳಿದ್ದೆ, ಇದು ನಿಲ್ಲುವ ಮಣ್ಣಲ್ಲ ಅಂತ.
ಕೈಗೆ ತಣ್ಣಗೆ ಹತ್ತಿತ್ತು.
ದುಡ್ಡು ಕೊಡೋರು ನನ್ನ ಹತ್ತಿರ ಡಿಗ್ರಿ ಕೇಳಲ್ಲ ಮಗಳೇ,
ನೇರ ಬೇಕು ಅಂತಾರೆ.’
ಯಾವ ಡಿಗ್ರಿ ಎಂದು ನಾನೂ ಕೇಳಲಿಲ್ಲ.

ಭಾನುವಾರ ಅಪ್ಪನೇ ಕರೆದ.
ಹೋಂಸ್ಟೇಯ ಹಿಂದೆ, ಬರೆಯ ನೆತ್ತಿಯಲ್ಲಿ,
ಹುಲ್ಲು ಸರಿಸಿದರೆ ಬಳೆ ಹಾದುಹೋಗುವಷ್ಟು ಬಿರುಕು.
ಆಚೆಗೊಂದು ಈಚೆಗೊಂದು ಗೂಟ ಹೊಡೆದೆವು.
ಅಪ್ಪ ಟೇಪು ಹಿಡಿದ, ನಾನು ಓದಿದೆ:
ಹನ್ನೊಂದು ಇಂಚು.

ಮುಂದಿನ ಭಾನುವಾರ ಹನ್ನೊಂದೂ ಕಾಲು.
ತಪ್ಪು ಓದಿರಬಹುದೆಂದು ಇನ್ನೊಮ್ಮೆ ಹಿಡಿದೆವು.
ಹನ್ನೊಂದೂ ಕಾಲೇ.
ಕೆಳಗೆ ಯಾರೋ ಪ್ರವಾಸಿಗರು
ಕಾರಿನಿಂದ ಸಾಮಾನು ಇಳಿಸುತ್ತಿದ್ದರು,
ಒಂದು ಮಗು ನಮಗೆ ಕೈ ಬೀಸಿತು.

ಅಪ್ಪ ಮಣ್ಣುಗೈ ಪ್ಯಾಂಟಿಗೆ ಒರೆಸಿ
ಓನರಿಗೆ ಫೋನು ಹಚ್ಚಿದ.
ರಿಂಗು ಹೋಗುತ್ತಲೇ ಇತ್ತು.
ಬ್ರಹ್ಮಗಿರಿ ಕಡೆ ಮೊದಲ ಮೋಡ.
ನಾನು ಪುಸ್ತಕ ತೆಗೆದು ಬರೆಯ ಪುಟದಲ್ಲಿ
ತಾರೀಕು ಹಾಕಿದೆ, ಗಂಟೆಯನ್ನೂ.